ಬಲಗಣ್ಣಿಗೆ ನೀಲಿ, ಎಡಗಣ್ಣಿಗೆ ಬೂದು

ನಾನೊಂದು ರೇಷ್ಮೆ ಸ್ಕಾರ್ಫು. ಗೂಡು, ಬಿಸಿನೀರು, ರಾಟೆ, ಮಗ್ಗ ಇವೆಲ್ಲ ನನ್ನ ಹಿಂದಿನ ಜನ್ಮದ ಸಂಗತಿಗಳು. ಅವುಗಳ ನೆನಪು ನನಗಿಲ್ಲ. ನನ್ನ ನೆನಪು ಶುರುವಾಗುವುದು ಮೈಸೂರಿನ ಸರಸ್ವತಿಪುರದ ಒಂದು ಮನೆಯ ಮಹಡಿಯಲ್ಲಿ. ಒಂದು ಬೆಳಿಗ್ಗೆ ನನ್ನನ್ನು ನಾಲ್ಕು ಮರದ ಪಟ್ಟಿಗಳ ನಡುವೆ ಎಳೆದು, ಪಿನ್ನು ಚುಚ್ಚಿ ಬಿಗಿದರು. ಆಗ ನಾನಿನ್ನೂ ಬರೀ ಬಿಳಿ ಬಟ್ಟೆ. ಕಿಟಕಿಯಿಂದ ಗಾಳಿ ಬಂದಾಗಲೆಲ್ಲ ತಮಟೆಯ ಚರ್ಮದಂತೆ ಅದುರುತ್ತಿದ್ದೆ. ಅಲ್ಲಿಂದ ಇಲ್ಲಿಯವರೆಗೆ ನಾನು ಅಲುಗದೆ ಇದ್ದ ಗಳಿಗೆ ಹೆಚ್ಚೇನೂ ಇಲ್ಲ.

ನನ್ನನ್ನು ಬಿಗಿದವಳು ಕೃತ್ತಿಕಾ. ಬಣ್ಣ ಹಚ್ಚಲು ಬಂದವರು ಅವಳ ಚಿಕ್ಕಮ್ಮ ಸೌದಾಮಿನಿ. ಅರವತ್ತು ದಾಟಿದ ಹೆಂಗಸು. ತೆಳ್ಳಗೆ, ನೆಟ್ಟಗೆ ಇದ್ದರು. ಕೂದಲನ್ನು ಗಂಟು ಹಾಕಿ ಅದರೊಳಗೆ ಒಂದು ಕುಂಚ ಸಿಕ್ಕಿಸಿಕೊಂಡೇ ಓಡಾಡುವವರು. ಅವರ ಸ್ಕಾರ್ಫುಗಳನ್ನು ಮೈಸೂರು, ಬೆಂಗಳೂರುಗಳಲ್ಲಿ ಬಲ್ಲವರು ದೂರದಿಂದಲೇ ಗುರುತಿಸುತ್ತಿದ್ದರಂತೆ. ಬೂದು ಬಣ್ಣದ ಪಕ್ಕದಲ್ಲಿ ತಿಳಿ ನೇರಳೆ, ಹಳೆಯ ದಂತದ ಬಣ್ಣದ ಪಕ್ಕದಲ್ಲಿ ಒಣಗಿದ ಪಾಚಿಯ ಹಸಿರು, ಹಾಲು ಬೆರೆಸಿದಂಥ ಗುಲಾಬಿಯ ಪಕ್ಕದಲ್ಲಿ ಮಡಕೆಯ ಕೆಂಪು. ಒಂದು ಬಣ್ಣ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಹುಡುಕಬೇಕು, ಹಾಗೆ ಮಾಡುತ್ತಿದ್ದರು.

"ಬಣ್ಣ ಕಿರುಚಬಾರದು ಕೃತ್ತಿಕಾ. ಸದ್ದಿಲ್ಲದೆ ಪಕ್ಕಕ್ಕೆ ಬಂದು ಕೂತ್ಕೋಬೇಕು" ಎಂದು ಅಂದೂ ಹೇಳಿದರು.

ನನ್ನ ಮೈತುಂಬ ಬೂದು ಹಚ್ಚಬೇಕು, ಅದರೊಳಗೆ ತಿಳಿ ನೇರಳೆಯ ಒಂದು ಎಳೆ ಸುಳಿಯಬೇಕು, ಅಂಚಿಗೆ ಅರೆದ ಗಂಧದ ಬಣ್ಣ, ಇವೆರಡರ ನಡುವೆ ಬಾಡಿದ ಗುಲಾಬಿಯ ಒಂದು ಗೆರೆ. ಇದು ಅವರ ಮನಸ್ಸಿನಲ್ಲಿದ್ದ ಜೋಡಣೆ. ಬಟ್ಟಲಲ್ಲಿ ಬಣ್ಣ ಕಲೆಸಿದರು. ಮೊದಲ ಕುಂಚ ತಾಗಿದಾಗ ಚಳಿಗೆ ಮೈ ಜುಮ್ಮೆಂದಿತು. ಅವರು ಹಿಂದೆ ಸರಿದು ನೋಡಿ ಹುಬ್ಬು ಗಂಟಿಕ್ಕಿದರು.

"ಈ ಸಲದ ನೀಲಿಗೆ ಜೀವಾನೇ ಇಲ್ಲ. ಅಂಗಡಿಯವನು ಏನೋ ಬೆರೆಸಿ ಕೊಟ್ಟಿದಾನೆ."

ಇನ್ನಷ್ಟು ನೀಲಿ ಹಾಕಿದರು. ಸಾಲದೆಂದು ಮತ್ತಷ್ಟು ಹಾಕಿದರು. ಅಂಚಿನ ಗಂಧದ ಬಣ್ಣ ಕಾಣುತ್ತಲೇ ಇಲ್ಲವೆಂದು ಅದಕ್ಕೂ ಹಳದಿ ಸುರಿದರು. ಕೃತ್ತಿಕಾ ಕೈಯಲ್ಲಿದ್ದ ನೀರಿನ ಲೋಟವನ್ನು ಕೆಳಗಿಟ್ಟು ಹತ್ತಿರ ಬಂದಳು.

"ಚಿಕ್ಕಮ್ಮ, ಸಾಕಲ್ವಾ?"

"ನಂಗೆ ಹೇಳಿಕೊಡಕ್ಕೆ ಬಂದ್ಯಾ?"

ಅವಳು ಸುಮ್ಮನಾದಳು. ಆಮೇಲೆ ನನ್ನನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದಳು.

ಸೌದಾಮಿನಿಯವರ ಎರಡೂ ಕಣ್ಣಿನಲ್ಲಿ ಪೊರೆ ಬೆಳೆಯುತ್ತಿತ್ತು. ಅದು ಮೆಲ್ಲಗೆ, ವರ್ಷಗಟ್ಟಲೆ, ಹಳದಿ ಗಾಜಿನಂತೆ ಬೆಳೆಯುವ ಪೊರೆ. ಅದರ ಮೂಲಕ ನೀಲಿ ಬೂದಾಗಿ ಕಾಣುತ್ತದೆ, ತಿಳಿ ಹಳದಿ ಬಿಳುಪಿನಲ್ಲಿ ಕರಗಿಹೋಗುತ್ತದೆ. ಇದು ಅವರಿಗೂ ಗೊತ್ತಿರಲಿಲ್ಲ, ಕೃತ್ತಿಕಾಗೂ ಗೊತ್ತಿರಲಿಲ್ಲ. ಕಣ್ಣು ಸ್ವಲ್ಪ ಮಂಕು ಎಂದಷ್ಟೇ ಅವರ ಎಣಿಕೆ.

ಹಬೆಯಲ್ಲಿ ಬೆಂದು, ನೀರಿನಲ್ಲಿ ಜಾಲಾಡಿ, ನೆರಳಿನಲ್ಲಿ ಒಣಗಿ ನಾನು ಹೊರಗೆ ಬಂದಾಗ ನನ್ನ ಮೈ ಮಿಂಚುಳ್ಳಿಯ ಬೆನ್ನಿನಂಥ ನೀಲಿ. ಅಂಚು ಹಸಿ ಅರಿಶಿನ. ನಡುವೆ ಒಂದು ರಾಣಿ ಬಣ್ಣದ ಗೆರೆ, ಉರಿಯುವ ಬತ್ತಿಯಂತೆ. ನೀಲಿ ಹಳದಿಯನ್ನು ಆಚೆಗೆ ತಳ್ಳುತ್ತಿತ್ತು, ಹಳದಿ ನೀಲಿಯನ್ನು ಒಳಕ್ಕೆ ನೂಕುತ್ತಿತ್ತು. ಮಡಚಿಟ್ಟರೂ ಈ ತಳ್ಳಾಟ ನಿಲ್ಲಲಿಲ್ಲ. ಕೃತ್ತಿಕಾ ಅಂಚನ್ನು ಬೆರಳಲ್ಲಿ ಸುತ್ತಿ ಸುತ್ತಿ ಹೊಲಿದಳು. ಸೌದಾಮಿನಿಯವರು ಮೂಲೆಯಲ್ಲಿ ತಮ್ಮ ಹೆಸರು ಬರೆದರು.

ನಮ್ಮನ್ನೆಲ್ಲ ಒಂದು ಪ್ರದರ್ಶನಕ್ಕೆ ಒಯ್ದರು. ನನ್ನಂಥವು ಇನ್ನೂ ಹಲವಿದ್ದವು. ಜನ ಮೇಜಿಗೆ ಮುತ್ತಿಕೊಂಡರು.

"ಏನ್ ಮೇಡಂ, ಇಷ್ಟು ವರ್ಷ ಈ ಬಣ್ಣಗಳನ್ನ ಎಲ್ಲಿ ಬಚ್ಚಿಟ್ಟಿದ್ರಿ?" ಎಂದರು ಹಳೆಯ ಗಿರಾಕಿಯೊಬ್ಬರು.

"ಯಾವಾಗಲೂ ಮಾಡೋದನ್ನೇ ಮಾಡಿದೀನಿ" ಎಂದರು ಸೌದಾಮಿನಿ. ಅವರು ನಿಜವನ್ನೇ ಹೇಳಿದ್ದರು. ಸುತ್ತಲಿದ್ದವರು ವಿನಯವೆಂದುಕೊಂಡರು.

ನನ್ನನ್ನು ಕೊಂಡವರು ಪ್ರಫುಲ್ಲಾ ಎಂಬ ಉಪನ್ಯಾಸಕಿ. ನಂಜನಗೂಡಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದರು. ದಿನವೂ ಮೈಸೂರಿನಿಂದ ಬಸ್ಸಿನಲ್ಲಿ ಹೋಗಿಬರುವವರು. ಮೇಜಿನ ಮುಂದೆ ನನ್ನನ್ನು ಎತ್ತಿ ಹಿಡಿದಾಗ ಅವರ ಕಣ್ಣು ಅರಳಿದ್ದನ್ನು ನಾನು ನೋಡಿದ್ದೆ. ಆದರೆ ಮನೆಗೆ ಹೋದ ಮೇಲೆ ಪೇಚು ಶುರುವಾಯಿತು. ಬೀರುವಿನಲ್ಲಿದ್ದ ಹಸಿರು ಸೀರೆಯ ಮೇಲೆ ಹಾಕಿ ನೋಡಿದರು, ಮಾವಿನ ಬಣ್ಣದ್ದರ ಮೇಲೆ ಹಾಕಿ ನೋಡಿದರು, ನೀಲಿಯ ಮೇಲೆ ನೀಲಿ ಹಾಕಿದರು. ಯಾವುದರ ಮೇಲೆ ಕೂತರೂ ನಾನು ಆ ಸೀರೆಯನ್ನು ಮಂಕು ಮಾಡಿಬಿಡುತ್ತಿದ್ದೆ, ಇಲ್ಲವೇ ಅದರೊಡನೆ ಜಗಳಕ್ಕೆ ನಿಲ್ಲುತ್ತಿದ್ದೆ. ಅವರ ಯಜಮಾನರು ಪೇಪರಿನಿಂದ ತಲೆಯೆತ್ತಿ, "ಇದನ್ನ ಹಾಕ್ಕೊಂಡು ರಸ್ತೆ ದಾಟು. ಲಾರಿಯವನೂ ನಿಲ್ಲಿಸ್ತಾನೆ" ಎಂದರು.

ಪ್ರಫುಲ್ಲಾ ನನ್ನನ್ನು ಮ್ಯಾಚಿಂಗ್ ಸೆಂಟರಿಗೆ ಒಯ್ದರು. ಅಂಗಡಿಯವರು ಥಾನಿನ ಮೇಲೆ ಥಾನು ಬಿಚ್ಚಿ ನನ್ನ ಪಕ್ಕ ಹಿಡಿದು, "ನೀಲಿಗೆ ಹೊಂದಿಸಿದ್ರೆ ಅಂಚು ಒಪ್ಪಲ್ಲ ಮೇಡಂ, ಅಂಚಿಗೆ ಹೊಂದಿಸಿದ್ರೆ ನೀಲಿ ಒಪ್ಪಲ್ಲ" ಎಂದು ಸುತ್ತಿಟ್ಟರು. ಕೊನೆಗೆ ಪ್ರಫುಲ್ಲಾ ಬಿಳಿ ಕಾಟನ್ ಸೀರೆಯ ಮೇಲೆ ಹೊದ್ದು ಕಾಲೇಜಿಗೆ ಹೋದರು. ನಾನು ಹೆಗಲ ಮೇಲೆ ನಿಲ್ಲಲಿಲ್ಲ. ರೇಷ್ಮೆಯ ಗುಣವೇ ಅದು. ಒಂದು ಸಲ ಕಪ್ಪುಹಲಗೆಯ ಕೆಳಗೆ ಬಿದ್ದೆ, ಒಂದು ಸಲ ಸ್ಟಾಫ್ ರೂಮಿನ ಕುರ್ಚಿಗೆ ಸಿಕ್ಕಿಕೊಂಡೆ.

ಸೌದಾಮಿನಿಯವರನ್ನೇ ಕೇಳೋಣವೆಂದು ಪ್ರಫುಲ್ಲಾ ಒಂದು ಭಾನುವಾರ ಆ ಮಹಡಿಗೆ ಬಂದರು.

"ಮೇಡಂ, ಇದಕ್ಕೆ ಯಾವ ಸೀರೆ ಉಡಲಿ?"

ಸೌದಾಮಿನಿ ನನ್ನನ್ನು ಒಮ್ಮೆ ನೋಡಿ, "ಯಾವುದಾದರೂ ಉಡಿ. ಬೂದು ಅಲ್ವಾ? ಬೂದು ಎಲ್ಲದಕ್ಕೂ ಹೊಂದುತ್ತೆ" ಎಂದರು.

ಪ್ರಫುಲ್ಲಾ ನನ್ನತ್ತ ನೋಡಿದರು, ಅವರತ್ತ ನೋಡಿದರು. ತಮಾಷೆಯೆಂದು ನಕ್ಕರು. ಸೌದಾಮಿನಿ ನಗಲಿಲ್ಲ. ಮೆಟ್ಟಿಲು ಇಳಿಯುವಾಗ ಪ್ರಫುಲ್ಲಾರ ಕೈ ನನ್ನನ್ನು ಬಿಗಿಯಾಗಿ ಹಿಂಡಿತ್ತು. ಅವತ್ತಿನಿಂದ ಅವರಿಗೆ ನನ್ನನ್ನು ಕಂಡರೆ ಏನೋ ಕಸಿವಿಸಿ. ಬೀರುವಿನಲ್ಲಿ ಒಳಗೆ ತಳ್ಳುವರು, ಮತ್ತೆ ಮನಸ್ಸು ತಡೆಯದೆ ಹೊರಗೆ ತೆಗೆಯುವರು. ನನಗೂ ಅಲ್ಲಿ ನೆಮ್ಮದಿಯಿರಲಿಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ ನಂಜನಗೂಡಿನ ಬಸ್ಸಿನಲ್ಲಿ ನಾನು ಕೈ ಬದಲಾದೆ. ಬಸ್ಸು ಗುಂಡ್ಲುಪೇಟೆಗೆ ಹೋಗುವುದು. ಕಂಡಕ್ಟರ್ ಒಬ್ಬ ಹೆಂಗಸು. ಖಾಕಿ ಅಂಗಿಯ ಮೇಲೆ ಕಿವಿ ಮುಚ್ಚುವಂತೆ ಹಳೆಯ ಟವಲು ಕಟ್ಟಿಕೊಂಡಿದ್ದಳು. ಪ್ರಫುಲ್ಲಾರ ಹತ್ತಿರ ಬಂದು ಅವಳು ಟಿಕೆಟ್ ಹರಿಯುವುದನ್ನೇ ಮರೆತಳು.

"ಮೇಡಂ, ನನ್ ಗುರ್ತು ಸಿಕ್ತಾ? ನಾನು ಮಾದೇವಿ. ಲಾಸ್ಟ್ ಬೆಂಚು. ಕಿಟಕಿಯಿಂದಾಚೆ ನೋಡ್ತಾಳೆ ಅಂತ ದಿನಾ ಬೈಯ್ತಿದ್ರಿ."

"ಮಾದೇವಿ! ಈಗಲೂ ಕಿಟಕಿ ಪಕ್ಕಾನೇ ಕೆಲಸ ಸಿಕ್ತಲ್ಲೇ ನಿಂಗೆ" ಎಂದು ಪ್ರಫುಲ್ಲಾ ನಕ್ಕರು. "ಇದೇನು ಕಿವಿಗೆ?"

"ಬೆಳಗಿನ್ ಗಾಳಿ ಮೇಡಂ. ಕಿವಿ ಒಳೀಕೆ ನುಗ್ಗಿ ಕಡೀತದೆ."

ಪ್ರಫುಲ್ಲಾ ಒಂದು ಕ್ಷಣವೂ ಯೋಚಿಸಲಿಲ್ಲ. ಕುತ್ತಿಗೆಯಿಂದ ನನ್ನನ್ನು ತೆಗೆದು ಅವಳ ಕೈಗಿಟ್ಟರು. ಬೇಡ ಬೇಡ ಎಂದ ಮಾದೇವಿಯ ತಲೆಗೆ ತಾವೇ ಕಟ್ಟಿದರು. ಆಗ ಬಸ್ಸಿನಲ್ಲಿದ್ದವರು ತಿರುಗಿ ನೋಡಿದರು. ಪ್ರಫುಲ್ಲಾ ಕೂಡ ಕುಳಿತಲ್ಲೇ ಹಿಂದೆ ಒರಗಿ ನೋಡಿದರು. ಬೀರುವಿನ ಯಾವ ಸೀರೆಯ ಮೇಲೂ ಒಗ್ಗದ ನಾನು ಆ ಖಾಕಿಯ ಮೇಲೆ ಒಗ್ಗಿಬಿಟ್ಟಿದ್ದೆ. ಖಾಕಿ ನನ್ನ ಹಳದಿಯೊಡನೆ ಸ್ಪರ್ಧೆಗೆ ಇಳಿಯಲಿಲ್ಲ, ನೀಲಿಗೆ ಹೆದರಲಿಲ್ಲ. ಒಣ ನೆಲದ ಹಾಗೆ ಸುಮ್ಮನೆ ಕೆಳಗಿತ್ತು.

ಮಾದೇವಿಯೊಡನೆ ನನ್ನ ಓಡಾಟದ ದಿನಗಳು ಶುರುವಾದವು. ಬೆಳಿಗ್ಗೆ ಕಿವಿಗೆ, ಬಿಸಿಲೇರಿದ ಮೇಲೆ ಕುತ್ತಿಗೆಗೆ, ಸೆಕೆಯಾದರೆ ಕಿಟಕಿಯ ಸರಳಿಗೆ. ಅಲ್ಲಿ ಕಟ್ಟಿದಾಗ ಗಾಳಿ ನನ್ನನ್ನು ಬಡಿದು ಬಡಿದು ಸುಸ್ತು ಮಾಡುತ್ತಿತ್ತು. ಬೇಗೂರಿನಲ್ಲಿ ಹತ್ತುವ ಹೂವಿನ ಬುಟ್ಟಿಯ ಹೆಂಗಸರು, "ಯಕ್ಕಾ, ಎಲ್ಲಿ ತಕ್ಕಂಡ್ಯಕ್ಕಾ ಇದ್ನ?" ಎಂದು ಅಂಚು ಹಿಡಿದು ನೋಡುತ್ತಿದ್ದರು. ತಪಾಸಣೆಯವರು ಹತ್ತಿದರೆ ಮಾತ್ರ ನಾನು ಟಿಕೆಟ್ ಚೀಲದೊಳಗೆ ತುರುಕಿಸಿಕೊಳ್ಳಬೇಕು. ಒಬ್ಬರು ಒಮ್ಮೆ ನೋಡಿಯೇಬಿಟ್ಟರು.

"ಏನಮ್ಮಾ ಇದು, ಯೂನಿಫಾರಂ ಮೇಲೆ ಬಣ್ಣದಂಗಡಿ?"

"ಕಿವಿನೋವು ಸಾ."

"ಕಿವಿನೋವಿಗೆ ಕುತ್ತಿಗೇಲಿ ಕಟ್ಟಿದ್ದೀಯ?"

"ಕೆಳೀಕೆ ಇಳೀತಾ ಅದೆ ಸಾ ನೋವು" ಎಂದಳು ಮಾದೇವಿ. ಇಡೀ ಬಸ್ಸು ನಕ್ಕಿತು. ಅವರೂ ನಕ್ಕು ಇಳಿದುಹೋದರು.

ಅತ್ತ ಮೈಸೂರಿನಲ್ಲಿ ನಡೆದದ್ದು ನನಗೆ ಆಮೇಲೆ ಅವರ ಮಾತಿನಿಂದಲೇ ತಿಳಿಯಿತು. ಸೌದಾಮಿನಿಯವರಿಗೆ ಬಲಗಣ್ಣಿನ ಪೊರೆಯ ಆಪರೇಷನ್ ಆಯಿತು. ಕಣ್ಣಿನ ಕಟ್ಟು ಬಿಚ್ಚಿದ ಮೇಲೆ ಅವರು ಮೊದಲು ನೋಡಿದ್ದು ಆಸ್ಪತ್ರೆಯ ಹೊರಗಿನ ಆಕಾಶವನ್ನಂತೆ. ಖುಷಿಯಿಂದ ಮನೆಗೆ ಬಂದು, ಮಹಡಿ ಹತ್ತಿ, ತಾವು ಮಾಡಿಟ್ಟ ಸ್ಕಾರ್ಫುಗಳ ಬೀರು ತೆರೆದರು. ತೆರೆದವರು ಒಂದೊಂದನ್ನೇ ಎಳೆದು ನೆಲಕ್ಕೆ ಹಾಕಿದರು. ಬೂದು ಎಂದುಕೊಂಡದ್ದೆಲ್ಲ ನೀಲಿ, ಗಂಧ ಎಂದುಕೊಂಡದ್ದೆಲ್ಲ ಅರಿಶಿನ. ಒಂದೊಂದೂ ಬಾಯಿಬಿಟ್ಟು ಕಿರುಚುತ್ತಿತ್ತು.

"ನಿಂಗೆ ಕಣ್ಣಿತ್ತಲ್ಲ! ನೋಡಿಯೂ ಯಾಕೆ ಸುಮ್ಮನಿದ್ದೆ? ಊರೆಲ್ಲ ನನ್ನನ್ನ ನೋಡಿ ನಗಲಿ ಅಂತಾನಾ?" ಎಂದು ಕೃತ್ತಿಕಾಳ ಮೇಲೆ ಹರಿಹಾಯ್ದರು. ಅವಳ ಉತ್ತರವನ್ನು ಕೇಳಲೇ ಇಲ್ಲ. ದೊಡ್ಡ ಹಂಡೆಯಲ್ಲಿ ಕಪ್ಪು ಬಣ್ಣ ಕಾಯಿಸಿ, ಬೀರುವಿನಲ್ಲಿದ್ದವನ್ನೆಲ್ಲ ಅದರಲ್ಲಿ ಮುಳುಗಿಸಿದರು. ಅಂಗಡಿಗಳಿಗೆ ಕೊಟ್ಟದ್ದನ್ನು ವಾಪಸು ತರಿಸಿದರು. ಕೊಂಡವರ ಮನೆಗಳಿಗೆ ಹೋಗಿ, ಬೇರೆಯದು ಕೊಟ್ಟು, ಹಳೆಯದನ್ನು ತಂದು ಮುಳುಗಿಸಿದರು. ಕೃತ್ತಿಕಾ ಬಟ್ಟೆ ತುಂಬಿಕೊಂಡು ಮಂಡ್ಯಕ್ಕೆ, ತನ್ನ ತಾಯಿಯ ಮನೆಗೆ ಹೊರಟುಹೋದಳು. ನನ್ನ ಒಡಹುಟ್ಟಿದವರೆಲ್ಲ ಕಪ್ಪಾದರು. ಉಳಿದವನು ನಾನೊಬ್ಬ.

ಸೌದಾಮಿನಿಯವರಿಗೆ ಪ್ರಫುಲ್ಲಾರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಪ್ರಫುಲ್ಲಾ ಮುಜುಗರಪಟ್ಟುಕೊಂಡು, ಅದನ್ನು ಗುಂಡ್ಲುಪೇಟೆ ಬಸ್ಸಿನ ಕಂಡಕ್ಟರಿಗೆ ಕೊಟ್ಟುಬಿಟ್ಟೆ ಎಂದರು.

ಹೀಗೆ ಒಂದು ದಿನ, ಮೈಸೂರಿನ ಬಸ್ ನಿಲ್ದಾಣದಲ್ಲಿ, ಕಪ್ಪು ಕನ್ನಡಕ ಹಾಕಿದ ಸೌದಾಮಿನಿ ನಮ್ಮ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ಹಾಗೇ ನಿಂತರು.

"ಮ್ಯಾಕ್ ಹತ್ತವ್ವಾ, ಹಿಂದೆ ಜನ ಅವ್ರೆ" ಎಂದಳು ಮಾದೇವಿ. ಸೀಟು ಹಿಡಿದ ಮೇಲೆ, "ಎಲ್ಲಿಗೆ?" ಎಂದು ಕೇಳಿದಳು.

"ನಿಮ್ಮ ಕುತ್ತಿಗೇಲಿರೋದು ನಂಗೆ ಬೇಕು."

ಮಾದೇವಿಯ ಕೈ ಗಕ್ಕನೆ ತಾಳಿಯ ಮೇಲೆ ಹೋಯಿತು. "ನನ್ ತಾಳಿ ಯಾಕವ್ವಾ ನಿಂಗೆ!"

"ಅಯ್ಯೋ, ತಾಳಿಯಲ್ಲಮ್ಮ. ಸ್ಕಾರ್ಫು. ಅದನ್ನ ಮಾಡಿದವಳು ನಾನು. ಮೂಲೇಲಿ ನನ್ನ ಹೆಸರಿದೆ ನೋಡಿ."

ಮಾದೇವಿ ಮೂಲೆ ತಿರುಗಿಸಿ ಓದಿದಳು. "ಸೌದಾಮಿನಿ... ಅದು ನೀವಾ? ನಾನು ಕಂಪ್ನಿ ಹೆಸ್ರು ಅನ್ಕಂಡಿದ್ದೆ."

ಸೌದಾಮಿನಿ ಚೀಲದಿಂದ ಇನ್ನೊಂದು ಸ್ಕಾರ್ಫು ತೆಗೆದರು. ಹಳೆಯ ಕಾಲದ್ದು, ಬೂದು ಮತ್ತು ದಂತದ ಬಣ್ಣದ್ದು. "ನಿಮ್ಮ ಹತ್ತಿರ ಇರೋದು ತಪ್ಪಾಗಿ ಆದದ್ದು. ಅದನ್ನ ಕೊಟ್ಟು ಇದನ್ನ ತಗೊಳ್ಳಿ. ಇದು ಒಳ್ಳೇದು."

ಮಾದೇವಿ ಅದನ್ನು ಖಾಕಿಯ ಮೇಲೆ ಹಿಡಿದು, ಡ್ರೈವರನ ಕನ್ನಡಿಯಲ್ಲಿ ನೋಡಿಕೊಂಡಳು. "ಚೆಂದಾಗದೆ. ಆದ್ರೆ ಇದ್ರಲ್ಲಿ ನಾನು ಕಾಣಾಕಿಲ್ವಲ್ಲ." ಹಿಂದಕ್ಕೆ ಕೊಟ್ಟುಬಿಟ್ಟಳು. "ನಂದ್ರಲ್ಲಿ ತಪ್ಪೆಲ್ಲದೆ ಹೇಳಿ. ಹರಿದಿಲ್ಲ. ಬಣ್ಣ ಬಿಟ್ಟಿಲ್ಲ."

"ಬಣ್ಣವೇ ತಪ್ಪಮ್ಮ. ನನ್ನ ಹೆಸರು ಹೊತ್ತುಕೊಂಡು ಅದು ಊರೂರು ತಿರುಗೋದು ನಂಗೆ ಬೇಡ."

"ಹೆಸ್ರು ಬ್ಯಾಡ ಅಂದ್ರೆ ಹೆಸ್ರಿನ್ ಮೂಲೆ ಕತ್ತರಿಸ್ಕಳಿ. ಮಿಕ್ಕಿದ್ದು ನಂದು" ಎಂದಳು ಮಾದೇವಿ. ಅವಳ ದನಿಯಲ್ಲಿ ಕೋಪವಿರಲಿಲ್ಲ. ನನ್ನನ್ನು ಬಿಚ್ಚಿ ಅವರ ತೊಡೆಯ ಮೇಲೆ ಹಾಕಿ, "ಕೊಡಾಕಿಲ್ಲ. ಗುಂಡ್ಲುಪೇಟೆ ಗಂಟ ನೋಡ್ಕಳಿ" ಎಂದು ಟಿಕೆಟ್ ಕೊಡಲು ಹಿಂದಕ್ಕೆ ಹೋದಳು.

ಆ ತೊಡೆಯ ಮೇಲೆ ಕುಳಿತ ಹೊತ್ತು ನನ್ನ ಬದುಕಿನ ಕೆಟ್ಟ ಹೊತ್ತು. ನನ್ನನ್ನು ಮಾಡಿದ ಕೈಗಳೇ ನನ್ನನ್ನು ಅಳಿಸಲು ಬಂದಿದ್ದವು. ಚೀಲದಿಂದ ಅವರು ನೂಲು ಕತ್ತರಿಸುವ ಪುಟ್ಟ ಕತ್ತರಿ ತೆಗೆದರು. ಹೆಸರಿದ್ದ ಮೂಲೆಯನ್ನು ಬೆರಳಲ್ಲಿ ಹಿಡಿದರು. ಮತ್ತೆ ಬಿಟ್ಟರು. ಮತ್ತೆ ಹಿಡಿದರು. ಚೀಲದ ಬಾಯಿ ತೆರೆದೇ ಇತ್ತು. ನನ್ನನ್ನು ಒಳಗೆ ತುರುಕಿ ಮುಂದಿನ ನಿಲ್ದಾಣದಲ್ಲಿ ಇಳಿದುಬಿಟ್ಟರೆ ಹಂಡೆಯೇ ಗತಿ.

ಬೇಗೂರು ದಾಟಿದ ಮೇಲೆ ಎದುರಿನಿಂದ ಬಂದ ಟ್ರಾಕ್ಟರಿನ ಧೂಳು ಕಿಟಕಿಯಿಂದ ಒಳಗೆ ನುಗ್ಗಿತು. ಆಪರೇಷನ್ ಆದ ಕಣ್ಣಿಗೆ ಧೂಳು ತಾಗಬಾರದೆಂದು ಹೇಳಿದ್ದರು. ಸೌದಾಮಿನಿ ತಟ್ಟನೆ ಕನ್ನಡಕದೊಳಗೆ ಕೈ ತೂರಿಸಿ ಬಲಗಣ್ಣನ್ನು ಮುಚ್ಚಿಕೊಂಡರು. ಎಡಗಣ್ಣೊಂದರಿಂದಲೇ ಕೆಳಗೆ ನೋಡಿದರು.

ಕತ್ತರಿ ಕೈಜಾರಿ ಬಿತ್ತು.

ಕನ್ನಡಕ ತೆಗೆದರು. ಬಲಗಣ್ಣು ಮುಚ್ಚಿ ನೋಡಿದರು. ತೆರೆದು ಎಡಗಣ್ಣು ಮುಚ್ಚಿ ನೋಡಿದರು. ಮತ್ತೆ ಬಲ. ಮತ್ತೆ ಎಡ. ಎಡಗಣ್ಣಿನಲ್ಲಿ ಪೊರೆ ಹಾಗೇ ಇತ್ತಲ್ಲ. ಅದರೊಳಗೆ ನಾನು ಅವರು ಮಾಡಬೇಕೆಂದುಕೊಂಡಿದ್ದ ನಾನೇ ಆಗಿದ್ದೆ. ತಿಳಿ ನೇರಳೆ ಸುಳಿಯುವ ಬೂದು, ಅರೆದ ಗಂಧ, ಬಾಡಿದ ಗುಲಾಬಿ. ಹಂಡೆ ಕಾಯಿಸಿದ ಸಿಟ್ಟಿನಲ್ಲಿ ಅವರು ಎಡಗಣ್ಣನ್ನು ಒಂದು ಮಾತೂ ಕೇಳಿರಲಿಲ್ಲ.

"ಇಲ್ಲೇ ಇದೆ" ಎಂದು ತಮಗೆ ತಾವೇ ಹೇಳಿಕೊಂಡರು. "ನಾನು ಮಾಡಿದ್ದು ಇಲ್ಲೇ ಇದೆ. ಅವನ್ನೆಲ್ಲ... ಅವನ್ನೆಲ್ಲ ಮುಳುಗಿಸಿಬಿಟ್ಟೆನಲ್ಲ!"

ಕಣ್ಣಿನಿಂದ ನೀರು ಇಳಿಯತೊಡಗಿತು. ಪಕ್ಕದಲ್ಲಿ ಕುಳಿತಿದ್ದ ಹೂವಿನ ಬುಟ್ಟಿಯ ಹೆಂಗಸು ಗಾಬರಿಯಾದಳು. "ಕಣ್ಗೆ ಕಸ ಬಿತ್ತಾ ಅವ್ವಾ? ಊದ್ಲಾ?"

ಸೌದಾಮಿನಿ ತಲೆಯಲ್ಲಾಡಿಸಿ ಕಿಟಕಿಯತ್ತ ತಿರುಗಿದರು. ಹೊರಗೆ ಸೂರ್ಯಕಾಂತಿಯ ಹೊಲಗಳು. ಅವುಗಳ ಹಿಂದೆ ಬೆಟ್ಟಗಳ ಸಾಲು. ಅಲ್ಲಿಯೂ ಅವರು ಒಂದು ಕಣ್ಣು ಮುಚ್ಚಿದರು, ಇನ್ನೊಂದು ತೆರೆದರು. ಬಲಗಣ್ಣಿಗೆ ಕಡುನೀಲಿ ಬೆಟ್ಟ, ಅದರ ಕೆಳಗೆ ಉರಿಯುವ ಹಳದಿ. ಎಡಗಣ್ಣಿಗೆ ಬೂದು ಬೆಟ್ಟ, ಗಂಧದ ಹೊಲ. ನನ್ನನ್ನು ಎತ್ತಿ ಕಿಟಕಿಗೆ ಅಡ್ಡ ಹಿಡಿದರು. ಗುಂಡ್ಲುಪೇಟೆ ಬರುವವರೆಗೂ ಆ ಕಣ್ಣುಗಳು ಬಾಗಿಲುಗಳಂತೆ ತೆರೆದು ಮುಚ್ಚಿ ಮಾಡುತ್ತಲೇ ಇದ್ದವು. ನನಗೆ ತಲೆ ತಿರುಗಿತು.

ಇಳಿಯುವಾಗ ನನ್ನನ್ನು ಮಡಚಿ ಮಾದೇವಿಗೆ ಕೊಟ್ಟು, "ಸ್ವಲ್ಪ ದಿನ ಇದು ನನ್ನ ಹತ್ತಿರ ಇರಲಿ ಅಂದ್ರೆ ಕೊಡ್ತೀರಾ? ಕಪ್ಪು ಮಾಡಲ್ಲ" ಎಂದರು.

"ಕಪ್ಪು ಬೇರೆ ಮಾಡಾಕ್ ಬಂದಿದ್ರಾ!" ಎಂದು ಮಾದೇವಿ ನನ್ನನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಆ ಮುಖ ನೋಡಿ ಕರಗಿದಳು. "ನೋಡ್ಬೇಕು ಅನ್ನಿಸ್ದಾಗ ಬಸ್ ಹತ್ತಿ ಮೇಡಂ. ನಾನೆಲ್ಲೂ ಓಡೋಗಾಕಿಲ್ಲ. ಓಡದು ಬಸ್ಸೆಯಾ."

ಅವರು ಮಾರನೆಯ ದಿನವೇ ಹತ್ತಿದರು. ಅದರ ಮಾರನೆಯ ದಿನವೂ. ಮಾದೇವಿಗೆ ರಜೆಯಿದ್ದಾಗ ಬಿಟ್ಟರೆ ಮಿಕ್ಕ ದಿನಗಳಲ್ಲೆಲ್ಲ ಕಿಟಕಿಯ ಪಕ್ಕದ ಸೀಟು ಅವರದು. ಹೋಗುವಾಗ ನಾನು ಅವರ ತೊಡೆಯ ಮೇಲೆ, ಬರುವಾಗ ಮಾದೇವಿಯ ಕುತ್ತಿಗೆಯಲ್ಲಿ. ಟಿಕೆಟ್ ಕೊಟ್ಟು ಮುಗಿದ ಮೇಲೆ ಮಾದೇವಿ ಬಂದು ಪಕ್ಕದಲ್ಲಿ ನಿಂತು, ಎರಡು ಕಣ್ಣಿನ ಕತೆಯನ್ನು ತುಂಡು ತುಂಡಾಗಿ ಕೇಳಿಕೊಂಡಳು.

"ಅಂಗಾರೆ ಎಡಗಣ್ಣಿಗೆ ಆಪ್ರೇಸನ್ ಮಾಡಿಸ್ಕಬ್ಯಾಡಿ. ಒಂದ್ರಲ್ಲಿ ಅದು, ಒಂದ್ರಲ್ಲಿ ಇದು. ಎರಡೂ ನಿಮ್ದೇ."

"ನಾನೂ ಹಾಗೇ ಅಂದ್ಕೊಂಡು ಮುಂದೆ ಹಾಕ್ತಾ ಬಂದೆ ಮಾದೇವಿ. ಆದ್ರೆ ಅದು ದಿನದಿನಕ್ಕೆ ಮಂಕಾಗ್ತಿದೆ. ಮೊನ್ನೆ ಕಂಡ ಗುಲಾಬಿ ಗೆರೆ ಇವತ್ತು ಕಾಣ್ತಿಲ್ಲ. ಬಿಟ್ಟರೆ ಕತ್ತಲೆ, ಮಾಡಿಸಿದ್ರೆ ನೀಲಿ. ಬೂದು ಅಂತೂ ಉಳಿಯಲ್ಲ."

ಮಾದೇವಿ ಬಗ್ಗಿ ನನ್ನ ಗೆರೆಯನ್ನು ನೋಡಿದಳು. ಸೀಟಿ ಊದಿ ಬಸ್ಸು ನಿಲ್ಲಿಸಿ ಯಾರನ್ನೋ ಇಳಿಸಿದಳು. ತಿರುಗಿ ಬಂದು, "ಮಂಡ್ಯದಲ್ಲಿರೋ ನಿಮ್ ಅಕ್ಕನ್ ಮಗಳ್ಗಾದ್ರೂ ಒಂದ್ ಸಲ ತೋರ್ಸಿ. ಮಾಡ್ದಾಗ ಜೊತೇಲಿದ್ದೋಳು ಅವಳೇ ತಾನೆ?" ಎಂದಳು.

ಸೌದಾಮಿನಿ ನನ್ನನ್ನು ಮಡಚಿ ಅವಳ ಕೈಗಿಟ್ಟರು. ಆದರೆ ಎಡಗಣ್ಣಿನ ಆಪರೇಷನ್ನಿಗೆ ದಿನ ಗೊತ್ತಾದ ವಾರ, ಅವರ ಹಿಂದೆ ಕೃತ್ತಿಕಾ ಬಸ್ಸು ಹತ್ತಿದಳು. ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತರು. ನಾನು ಇಬ್ಬರ ತೊಡೆಗಳ ಮೇಲೆ ಅರ್ಧರ್ಧ ಬಿದ್ದಿದ್ದೆ.

ನಂಜನಗೂಡು ದಾಟಿದ ಮೇಲೆ ಕೃತ್ತಿಕಾಳೇ ಮೊದಲು ಬಾಯಿಬಿಟ್ಟಳು. "ಚಿಕ್ಕಮ್ಮ, ನಾನು ಮೋಸ ಮಾಡ್ಲಿಲ್ಲ. ನಿಮ್ಮ ಕಣ್ಣಿನ ವಿಷಯ ನಂಗೆ ನಿಜವಾಗ್ಲೂ ಗೊತ್ತಿರಲಿಲ್ಲ."

"ನೀಲಿ ಸುರೀತಿದ್ದದ್ದು ಕಾಣಲಿಲ್ವಾ?"

"ಕಾಣ್ತು. ಅದಕ್ಕೇ ಸುಮ್ಮನಾದೆ." ಅವಳು ನನ್ನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಇಷ್ಟು ವರ್ಷ ನಿಮ್ಮ ಜೊತೆ ಬೂದು ಕಲೆಸಿ ಕಲೆಸಿ ನಂಗೆ ಉಸಿರು ಕಟ್ಟಿಹೋಗಿತ್ತು. ಕೆಲಸ ಬಿಟ್ಟು ಹೋಗೋಣ ಅಂತಿದ್ದೆ. ಅವತ್ತು ನೀವು ಇದನ್ನ ಮಾಡಿದ್ರಿ. ನಿಮಗೆ ಧೈರ್ಯ ಬಂತು ಅಂದ್ಕೊಂಡೆ. ಇನ್ನೊಂದು ಸಲ ಬಾಯಿ ಹಾಕಿದ್ರೆ ಎಲ್ಲಿ ಮತ್ತೆ ಬೂದು ಬಣ್ಣಕ್ಕೆ ಹೋಗ್ತೀರೋ ಅಂತ ಹೆದರಿದೆ. ಇದಕ್ಕೋಸ್ಕರಾನೇ ನಿಂತೆ ನಾನು."

ಸೌದಾಮಿನಿ ಕಿಟಕಿಯ ಸರಳು ಹಿಡಿದು ಹೊರಗೆ ನೋಡಿದರು. ಸೂರ್ಯಕಾಂತಿಗಳು ಆಗಲೇ ತಲೆ ಬಗ್ಗಿಸಿ ಒಣಗುತ್ತಿದ್ದವು.

"ಉಸಿರು ಕಟ್ಟುತ್ತೆ ಅಂತ ಒಂದು ದಿನಾನೂ ಹೇಳಲಿಲ್ಲವಲ್ಲೇ" ಎಂದರು ಕೊನೆಗೆ.

"ನೀವು ಕೇಳಲಿಲ್ಲ."

ಆಮೇಲೆ ಕೃತ್ತಿಕಾ ಕಣ್ಣೊರೆಸಿಕೊಂಡು ಚೀಲದಿಂದ ರೇಷ್ಮೆ ನೂಲಿನ ಉಂಡೆಗಳನ್ನು ತೆಗೆದಳು. ಬೂದಿನಲ್ಲೇ ಎಷ್ಟೊಂದು ಬಗೆ! ಒಂದೊಂದನ್ನೇ ನನ್ನ ಪಕ್ಕದಲ್ಲಿ ಹಿಡಿದಳು. ಸೌದಾಮಿನಿ ನನ್ನನ್ನು ಎಡಗಣ್ಣಿನಿಂದ ನೋಡುವರು, ನೂಲನ್ನು ಬಲಗಣ್ಣಿನಿಂದ. ಎಡಗಣ್ಣಿನ ಬೂದು ಹೋಗುವ ಮುನ್ನ, ಬಲಗಣ್ಣಿಗೂ ಹಾಗೇ ಕಾಣುವ ಬಣ್ಣ ಸಿಗಬೇಕಿತ್ತು.

"ಇದು?"

"ಇನ್ನೂ ಸ್ವಲ್ಪ ಮಬ್ಬು."

"ಇದು?"

"ಹತ್ತಿರ ಬಂತು. ಇದರೊಳಗೆ ನೇರಳೆ ಸತ್ತಿದೆ ಕಣೇ. ಅದು ಬದುಕಿರಬೇಕು."

ಬಸ್ಸು ಕುಲುಕಿದಾಗ ಉಂಡೆಗಳು ಸೀಟಿನ ಕೆಳಗೆ ಉರುಳಿದವು. ಹಿಂದಿನ ಸೀಟಿನವರು ಎತ್ತಿಕೊಟ್ಟರು. ಗುಂಡ್ಲುಪೇಟೆ ಬರುವ ಹೊತ್ತಿಗೆ ಮೂರು ನೂಲುಗಳು ಆಯ್ಕೆಯಾಗಿದ್ದವು. "ಅದೇ ಅಲ್ಲ. ಆದರೆ ನೆಂಟಸ್ತನ ಇದೆ" ಎಂದರು ಸೌದಾಮಿನಿ.

ಆಪರೇಷನ್ ಆಯಿತು. ಅವರು ಕೃತ್ತಿಕಾಳೊಡನೆ ಮತ್ತೆ ಬಸ್ಸು ಹತ್ತಿದಾಗ, ಆ ಮೂರು ನೂಲುಗಳನ್ನು ನೋಡಿ ಅವಳು ಬಣ್ಣ ಹಚ್ಚಿದ ಹೊಸ ಸ್ಕಾರ್ಫು ಅವರ ಹೆಗಲ ಮೇಲಿತ್ತು. ತಿಳಿ ಬೂದು, ಗಂಧದ ಅಂಚು. ಅದು ಹೆಗಲ ಮೇಲೆ ಎಷ್ಟು ಸಮಾಧಾನದಿಂದ ಕುಳಿತಿತ್ತೆಂದರೆ ನನಗೆ ಹೊಟ್ಟೆಕಿಚ್ಚಾಯಿತು. ಮಾದೇವಿ ನನ್ನನ್ನು ಅವರ ಕೈಗೆ ಕೊಟ್ಟಳು. ಅವರು ಬಲಗಣ್ಣು ಮುಚ್ಚಿ ನೋಡಿದರು. ಎಡಗಣ್ಣು ಮುಚ್ಚಿ ನೋಡಿದರು. ಮತ್ತೊಮ್ಮೆ ನೋಡಿದರು. ಎರಡರಲ್ಲೂ ನಾನು ಒಂದೇ ಆಗಿದ್ದೆ.

"ಹೋಯ್ತು" ಎಂದರು ಮೆಲ್ಲಗೆ.

"ಏನ್ ಹೋಯ್ತು ಮೇಡಂ? ಪರ್ಸಾ?" ಮಾದೇವಿ ಬಗ್ಗಿ ಸೀಟಿನ ಕೆಳಗೆ ಹುಡುಕತೊಡಗಿದಳು. "ಹತ್ತುವಾಗಿತ್ತಾ? ಯಾರೂ ಇಳೀಬ್ಯಾಡಿ ಕನ್ರಪ್ಪಾ!"

ಸೌದಾಮಿನಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕೆಮ್ಮು ಬಂತು. ಕೆಮ್ಮಿನ ನಡುವೆ ಅತ್ತರೋ ಏನೋ, ನನ್ನ ಅಂಚು ಒದ್ದೆಯಾಯಿತು. ಆಮೇಲೆ ಎದ್ದು ನಿಂತು ನನ್ನನ್ನು ಮಾದೇವಿಯ ಕುತ್ತಿಗೆಗೆ ತಾವೇ ಸುತ್ತಿದರು. ಅರಿಶಿನದ ಅಂಚು ಮೇಲೆ ಬರುವಂತೆ ಮಡಚಿ, ಗಂಟನ್ನು ಪಕ್ಕಕ್ಕೆ ಸರಿಸಿ, ಸರಳು ಹಿಡಿದು ಹಿಂದೆ ಬಾಗಿ ನೋಡಿದರು.

"ಖಾಕಿಗೆ ಇದೇ ಸರಿ" ಎಂದರು. ಅಷ್ಟೇ ಅವರು ನನ್ನ ಬಗ್ಗೆ ಹೇಳಿದ್ದು. ಇಳಿಯುವಾಗ ಕೃತ್ತಿಕಾಗೆ, "ಮನೆಗೆ ಹೋಗಿ ಆ ನೀಲಿ ಡಬ್ಬಿ ತೆಗಿ. ಈ ಸಲ ಎಷ್ಟು ಹಾಕ್ತೀನೋ, ನೋಡಿ ಹಾಕ್ತೀನಿ" ಎಂದದ್ದು ಕೇಳಿಸಿತು.

ಅವರು ಆಮೇಲೆ ಏನು ಮಾಡಿದರೋ ನಾನು ಕಣ್ಣಾರೆ ಕಾಣಲಿಲ್ಲ. ಚಳಿಗಾಲಗಳು ಕಳೆದವು. ಮಾದೇವಿಗೆ ಬಡ್ತಿ ಸಿಕ್ಕಿ ದೂರದ ಡಿಪೋಗೆ ವರ್ಗವಾಯಿತು. ಅಲ್ಲಿ ಕುರ್ಚಿಯ ಕೆಲಸ, ಗಾಳಿಯ ಕಾಟವಿಲ್ಲ. ಹೊರಡುವ ದಿನ ಅವಳು ನನ್ನನ್ನು ಒಗೆದು, ಗುಂಡ್ಲುಪೇಟೆಯ ನಿಲ್ದಾಣದಲ್ಲಿ ಹೆಣ್ಣು ಸಿಬ್ಬಂದಿ ಕೂರುವ ಕೋಣೆಯ ಮೊಳೆಗೆ ತೂಗುಹಾಕಿದಳು. "ಯಾರ್ ಕಿವಿಗೆ ಚಳಿಯಾಯ್ತದೋ ಅವರು ಕಟ್ಕಳಿ" ಎಂದು ಹೇಳಿ ಹೋದಳು.

ಈಗ ನನಗೆ ವಯಸ್ಸಾಗಿದೆ. ಮಡಿಕೆಗಳಲ್ಲಿ ಎಳೆ ಸವೆದಿದೆ, ಒಂದು ಕಡೆ ಬಾಗಿಲ ಚಿಲಕಕ್ಕೆ ಸಿಕ್ಕಿ ಹರಿದು ಹೊಲಿಗೆ ಬಿದ್ದಿದೆ. ಆದರೂ ಮೊಳೆಯ ಮೇಲೆ ನಾನು ಇರುವುದೇ ಕಡಿಮೆ. ಇಂದು ಒಬ್ಬಳೊಡನೆ ಮೈಸೂರಿಗೆ, ನಾಳೆ ಇನ್ನೊಬ್ಬಳೊಡನೆ ಚಾಮರಾಜನಗರಕ್ಕೆ. ನಾನು ಯಾವ ಬಣ್ಣದವನೆಂದು ಯಾರಾದರೂ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ನನ್ನನ್ನು ಬಹಳ ನೋಡಿದ ಕಣ್ಣುಗಳೇ ಎರಡು ಮಾತು ಹೇಳಿದವು. ಆ ಎರಡೂ ಸುಳ್ಳಾಗಿರಲಿಲ್ಲ.

ಇವತ್ತು ಬೆಳಿಗ್ಗೆ ಹೊಸದಾಗಿ ಕೆಲಸಕ್ಕೆ ಸೇರಿದವಳೊಬ್ಬಳು ಬಂದಳು. ಖಾಕಿ ಅಂಗಿಯ ಗಂಜಿ ಇನ್ನೂ ಮುರಿದಿರಲಿಲ್ಲ.

"ಅಕ್ಕಾ, ಇದ್ಯಾರ್ದು?"

"ಯಾರ್ದೂ ಅಲ್ಲ. ಹಾಕ್ಕೊ" ಎಂದರು ಚಹಾ ಕುಡಿಯುತ್ತಿದ್ದವರು.

ಅವಳು ನನ್ನನ್ನು ಗೋಡೆಯ ಒಡಕು ಕನ್ನಡಿಯ ಮುಂದೆ ಕುತ್ತಿಗೆಗೆ ಸುತ್ತಿಕೊಂಡಳು. ನೀಲಿ ಮೇಲೆ ಮಾಡಿ ನೋಡಿದಳು. ಬಿಚ್ಚಿ, ಹಳದಿ ಮೇಲೆ ಮಾಡಿ ನೋಡಿದಳು. ತಲೆ ಓರೆ ಮಾಡಿ ಮತ್ತೆ ನೀಲಿಗೆ ಬಂದಳು. ಹೊರಗೆ ಬಸ್ಸಿನ ಹಾರ್ನು ಕೇಳಿಸಿತು. ಅವಳು ಚೀಲ ಎತ್ತಿಕೊಂಡು, ಕೊನೆಗೆ ಯಾವುದು ಮೇಲೆ ಬಂತೆಂದು ನೋಡಿಕೊಳ್ಳದೆ ಓಡಿದಳು. ಅವಳ ಹೆಗಲಿನಿಂದ ಜಾರುತ್ತ, ಹಿಡಿದುಕೊಳ್ಳುತ್ತ ನಾನೂ ಓಡಿದೆ.